ಹಕ್ಕಿ ಚಿತ್ರ ಬರೆದೇ ಬದುಕಬಹುದಾ? ಅಣ್ಣನ ಮಗಳಿಗಾಗಿ ಕೇಳುತ್ತಿದ್ದೇನೆ

ನವನಗರದ ಅತ್ತೆ, ಬಾಗಲಕೋಟೆ

ಎಲ್ಲರಿಗೂ ನಮಸ್ಕಾರ. ನಮ್ಮ ಅಣ್ಣನ ಮಗಳಿಗೆ ಈಗ 21 ವರ್ಷ. ಚಿತ್ರಕಲೆ ಪದವಿಯ ಕೊನೆಯ ವರ್ಷ. ಅವಳ ಸ್ಕೆಚ್ ಬುಕ್ ತೆರೆದರೆ ಒಂದೋ ಹಕ್ಕಿ, ಇಲ್ಲಾಂದ್ರೆ ಹೊಳೆ ದಂಡೆ, ಎರೆ ಹೊಲ, ಬಾದಾಮಿಯ ಬಂಡೆ. ಮುಂದೆಯೂ ಇದನ್ನೇ ಮಾಡುತ್ತೇನೆ ಅನ್ನುತ್ತಾಳೆ. ಅಣ್ಣನದು ಒಂದೇ ಹಟ. ಎಲ್ಲಾದರೂ ಡ್ರಾಯಿಂಗ್ ಟೀಚರ್ ಕೆಲಸ ಹಿಡಿ, ಹಕ್ಕಿ ಪಕ್ಕಿ ಎಲ್ಲ ಭಾನುವಾರಕ್ಕೆ ಇಟ್ಟುಕೋ ಅಂತ. ಊಟಕ್ಕೆ ಕೂತಾಗಲೆಲ್ಲ ಇದೇ ಮಾತು. ಅವಳು ಅರ್ಧ ರೊಟ್ಟಿ ಬಿಟ್ಟು ಎದ್ದು ಹೋಗುತ್ತಾಳೆ.

ನನಗೆ ಚಿತ್ರದ ಬಗ್ಗೆ ಏನೂ ಗೊತ್ತಿಲ್ಲ. ಆದರೆ ಹೋದ ತಿಂಗಳು ನಮ್ಮ ಮನೆ ಮುಂದಿನ ಕರೆಂಟ್ ತಂತಿ ಮೇಲೆ ಕೂತಿದ್ದ ಕಾಜಾಣವನ್ನು ಪೆನ್ಸಿಲ್‌ನಲ್ಲಿ ಬಿಡಿಸಿದಳು. ಎಣಿಸಿದರೆ ಇಪ್ಪತ್ತು ಗೆರೆ ಇರಬಹುದು. ಅದು ಈಗ ಹಾರುತ್ತೆ ಅಂತ ನನಗೆ ಗೊತ್ತಾಯಿತು. ಅದನ್ನು ನೋಡಿದ ಮೇಲೆ ಅಣ್ಣನ ಪರವಾಗಿ ಮಾತಾಡಲು ಬಾಯಿ ಬರುತ್ತಿಲ್ಲ. ಹಕ್ಕಿ, ಭೂದೃಶ್ಯ ಇವನ್ನೇ ಬರೆದು ಬದುಕಿದವರು ಇದ್ದಾರಾ? ಹೇಗೆ ಬದುಕಿದರು? ಗೊತ್ತಿದ್ದವರು ದಯವಿಟ್ಟು ಹೇಳಿ.

ಕರದಂಟು ಊರಿನವ, ಗೋಕಾಕ

ಅಕ್ಕಾ, ನಾನು ಹತ್ತು ವರ್ಷದಿಂದ ಧೂಪದಾಳದ ಹತ್ತಿರ, ಘಟಪ್ರಭಾ ಪಕ್ಷಿಧಾಮದಲ್ಲಿ ಫೋಟೊ ತೆಗೆಯುತ್ತೇನೆ. ಚಳಿಗಾಲದಲ್ಲಿ ಡೆಮೊಸಿಲ್ ಕ್ರೇನ್ ಹಕ್ಕಿ ಬಂದರೆ ರಜೆ ಹಾಕಿ ಹೋಗುತ್ತೇನೆ. ಅನಿಸಿದ್ದನ್ನು ಹೇಳಿಬಿಡುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಈಗ ಎಲ್ಲರ ಹತ್ತಿರ ಕ್ಯಾಮೆರಾ ಇದೆ. ಒಂದೊಂದು ಗರಿಯೂ ಕಾಣುತ್ತದೆ. ಫೋಟೊಕ್ಕೇ ಯಾರೂ ದುಡ್ಡು ಕೊಡುವುದಿಲ್ಲ, ಚಿತ್ರಕ್ಕೆ ಯಾರು ಕೊಡುತ್ತಾರೆ? ಹುಡುಗಿ ಜಾಣೆ ಇದ್ದರೆ ಅಣ್ಣನ ಮಾತು ಕೇಳುವುದೇ ಒಳ್ಳೆಯದು.

ಹಿನ್ನೀರು ದಂಡೆ, ಬೀಳಗಿ ತಾಲ್ಲೂಕು

ಅಕ್ಕಾರೆ, ನಾನು 28 ವರ್ಷದಿಂದ ಹಕ್ಕಿ ಮತ್ತು ಭೂದೃಶ್ಯ ಬರೆಯುತ್ತಿದ್ದೇನೆ. ಇಬ್ಬರು ಮಕ್ಕಳನ್ನು ಓದಿಸಿದ್ದೇನೆ. ಸ್ವಲ್ಪ ಉದ್ದ ಬರೆಯುತ್ತೇನೆ, ತಾಳ್ಮೆ ಇರಲಿ.

ಮೊದಲು ಗೋಕಾಕದ ತಮ್ಮನಿಗೆ. ಕ್ಯಾಮೆರಾ ಬಂದ ಮೇಲೆ ಹಕ್ಕಿ ಚಿತ್ರ ಮುಗಿಯಿತು ಅನ್ನುವುದು ಸರಿ ಅಲ್ಲ. ನೀವು ಹಕ್ಕಿ ಗುರುತಿಸಲು ಜೇಬಿನಲ್ಲಿ ಇಟ್ಟುಕೊಳ್ಳುವ ಕೈಪಿಡಿ ತೆರೆದು ನೋಡಿ. ಒಳ್ಳೆಯವು ಬಹಳಷ್ಟರಲ್ಲಿ ಇವತ್ತಿಗೂ ಕೈಯಲ್ಲಿ ಬರೆದ ಚಿತ್ರಗಳೇ ಇವೆ. ಯಾಕೆ? ಫೋಟೊದಲ್ಲಿ ಸಿಗುವುದು ಒಂದು ಹಕ್ಕಿ, ಒಂದು ಕ್ಷಣದ ಬೆಳಕು. ನೆರಳು ಬಿದ್ದರೆ ಹೊಟ್ಟೆಯ ಬಣ್ಣ ಸುಳ್ಳು ಹೇಳುತ್ತದೆ. ಚಿತ್ರಗಾರ ನೂರು ಹಕ್ಕಿ ನೋಡಿ, ಆ ಜಾತಿ ಸಾಮಾನ್ಯವಾಗಿ ಹೇಗಿರುತ್ತೆ ಅನ್ನುವುದನ್ನು ಒಂದು ಹಕ್ಕಿಯಲ್ಲಿ ತರುತ್ತಾನೆ. ಹೋಲುವ ನಾಲ್ಕು ಜಾತಿಗಳನ್ನು ಒಂದೇ ಭಂಗಿಯಲ್ಲಿ ಪಕ್ಕ ಪಕ್ಕ ನಿಲ್ಲಿಸುತ್ತಾನೆ. ಭಾರತ ಉಪಖಂಡದ ಹಕ್ಕಿಗಳ ಕೈಪಿಡಿಗೆ ಚಿತ್ರ ಬರೆದವರಲ್ಲಿ ಗೋವಾದ ಕಾರ್ಲ್ ಡಿಸಿಲ್ವಾ ಒಬ್ಬರು. ಬೆಳಗಾವಿಯಿಂದ ಘಟ್ಟ ಇಳಿದರೆ ಅವರ ನಾಡು. ಅವರು 2015ರಲ್ಲಿ ತೀರಿಕೊಂಡರು. ಅವರ ಹಾಳೆಗಳನ್ನು ನೋಡಿಯೇ ನಾನು ಹಕ್ಕಿಯ ಕಾಲು ಎಲ್ಲಿಂದ ಶುರುವಾಗುತ್ತದೆ ಅಂತ ಕಲಿತದ್ದು.

ಈಗ ಹೊಟ್ಟೆಪಾಡಿನ ವಿಷಯ. ನಾನು ಶುರು ಮಾಡಿದ್ದು ಬೋರ್ಡ್ ಬರೆಯುವ ಅಂಗಡಿಯಲ್ಲಿ. ಕಿರಾಣಿ ಅಂಗಡಿ, ಟ್ರ್ಯಾಕ್ಟರ್ ಹಿಂದಿನ ಹೆಸರು, ಗುಡಿಯ ಗೋಡೆ. ಫ್ಲೆಕ್ಸ್ ಬಂತು, ಆ ಕೆಲಸ ಎರಡೇ ವರ್ಷದಲ್ಲಿ ನಿಂತುಹೋಯಿತು. ಆಮೇಲೆ ಶಾಲೆ ಗೋಡೆಗಳ ಮೇಲೆ ಚಿತ್ರ, ಪಠ್ಯದ ರೇಖಾಚಿತ್ರ, ಕೆರೆ ದಂಡೆಯಲ್ಲಿ ಹಾಕುವ ಮಾಹಿತಿ ಫಲಕ. ಬೇಸಿಗೆಯಲ್ಲಿ ಮಕ್ಕಳಿಗೆ ಕ್ಲಾಸು. ಜನವರಿಯಲ್ಲಿ ಬೆಂಗಳೂರಿನ ಚಿತ್ರಸಂತೆ. ಹೋದ ವರ್ಷ ನನ್ನ ಕೈಗೆ ಬಂದ ದುಡ್ಡಿನಲ್ಲಿ ಅರ್ಧಕ್ಕಿಂತ ಜಾಸ್ತಿ ಕಲಿಸಿದ್ದರಿಂದ ಬಂದದ್ದು, ಚಿತ್ರ ಮಾರಿದ್ದರಿಂದ ಅಲ್ಲ. ಇದನ್ನು ಮುಚ್ಚಿಟ್ಟು ಹುಡುಗಿಗೆ ಆಸೆ ಹುಟ್ಟಿಸಿದರೆ ತಪ್ಪಾಗುತ್ತದೆ.

ಆದರೆ ಅಣ್ಣನವರಿಗೆ ಒಂದು ಮಾತು ಹೇಳಿ. ಹಕ್ಕಿ ಭಾನುವಾರಕ್ಕೆ ಮಾತ್ರ ಬರುವುದಿಲ್ಲ. ಈ ಕೆಲಸಕ್ಕೆ ದಿನಾ ಬೆಳಗಿನ ಎರಡು ತಾಸು ಬೇಕು. ಉಳಿದ ಹೊತ್ತಿನಲ್ಲಿ ಯಾವ ಕೆಲಸ ಮಾಡಿದರೂ ನಡೆಯುತ್ತದೆ. ಬೆಳಿಗ್ಗೆಯನ್ನು ಕಿತ್ತುಕೊಳ್ಳುವ ನೌಕರಿ ಮಾತ್ರ ಬೇಡ.

ಗುಮ್ಮಟದ ನೆರಳು, ವಿಜಯಪುರ

ನಮ್ಮ ಊರಿನ ಒಂದು ಸಂಗತಿ ಸೇರಿಸುತ್ತೇನೆ. ಹಕ್ಕಿ ಚಿತ್ರ ಅಂದರೆ ಹೊರಗಿನಿಂದ ಬಂದ ಕಲೆ ಅಂತ ನಮ್ಮಲ್ಲಿ ಬಹಳ ಜನ ತಿಳಿದಿದ್ದಾರೆ. ಆದರೆ ಎರಡನೇ ಇಬ್ರಾಹಿಂ ಆದಿಲ್ ಶಾಹನ ಕಾಲದಲ್ಲಿ, ಸುಮಾರು 1603–04ರಲ್ಲಿ, ಬಿಜಾಪುರದಲ್ಲೇ ಒಂದು ಚಿತ್ರ ಆಯಿತು. ಯೋಗಿನಿಯೊಬ್ಬಳು ನಿಂತಿದ್ದಾಳೆ, ಕೈ ಮೇಲೆ ಮೈನಾ ಹಕ್ಕಿ. ಆ ಹಕ್ಕಿಯನ್ನು ಮುಖದ ಹತ್ತಿರ ಹಿಡಿದು, ಅದರ ಜೊತೆ ಮಾತಾಡುವ ಹಾಗೆ ನೋಡುತ್ತಿದ್ದಾಳೆ. ಸುತ್ತ ಆಳೆತ್ತರದ ಹೂಗಿಡ, ಹಿಂದೆ ದೂರದ ಗುಡ್ಡದ ಮೇಲೆ ಅರಮನೆ. ಈಗ ಅದು ಐರ್ಲೆಂಡಿನ ಡಬ್ಲಿನ್‌ನಲ್ಲಿ, ಚೆಸ್ಟರ್ ಬೀಟಿ ಗ್ರಂಥಾಲಯದಲ್ಲಿದೆ. ನಾನು ನೋಡಿದ್ದು ಅಚ್ಚಾದ ಪ್ರತಿ ಮಾತ್ರ. ಆದರೂ ಆ ಮೈನಾ ಕಣ್ಣಿಂದ ಹೋಗುವುದಿಲ್ಲ.

ಅದೇ ಸುಮಾರಿಗೆ ಉತ್ತರದಲ್ಲಿ ಜಹಾಂಗೀರನ ಹತ್ತಿರ ಉಸ್ತಾದ್ ಮನ್ಸೂರ್ ಇದ್ದ. ಅವನಿಗೆ 'ನಾದಿರ್ ಉಲ್ ಅಸ್ರ್' ಅಂತ ಬಿರುದು, ಅಂದರೆ ಆ ಕಾಲಕ್ಕೇ ಅಪರೂಪದವನು. ಅವನು ಬರೆದ ಸೈಬೀರಿಯನ್ ಕ್ರೇನ್ ಚಿತ್ರ ಇದೆ. ಆ ಹಕ್ಕಿಗೆ ವಿಜ್ಞಾನಿಗಳು ಹೆಸರು ಕೊಟ್ಟು ವಿವರ ಬರೆದದ್ದು 1773ರಲ್ಲಿ. ಅದಕ್ಕೂ ನೂರಕ್ಕೂ ಜಾಸ್ತಿ ವರ್ಷ ಮೊದಲೇ ಇವನು ಕಾಲಿನ ಚರ್ಮದ ಸುಕ್ಕು ಸಮೇತ ಬರೆದಿಟ್ಟಿದ್ದ. ನಿಮ್ಮ ಅಣ್ಣನಿಗೆ ಹೇಳಿ, ಆಗ ಇದಕ್ಕೆ ದರಬಾರಿನಲ್ಲಿ ಸಂಬಳ ಇತ್ತು.

ಕರದಂಟು ಊರಿನವ, ಗೋಕಾಕ

ಸರಿ ಸರ್, ಆದರೆ ಈಗ ದರಬಾರು ಎಲ್ಲಿದೆ?

ಕುಂಚದ ಮನೆ, ಬೆಳಗಾವಿ

ನಾನು ಬೆಳಗಾವಿಯಲ್ಲಿ ಚಿತ್ರಕಲೆ ಕಲಿಸುತ್ತೇನೆ. ದರಬಾರು ಇಲ್ಲದ ಕಾಲದಲ್ಲೂ ಬದುಕಿದವರ ಉದಾಹರಣೆ ಬೇಕಾದರೆ ಅಮೆರಿಕದ ಆಡುಬಾನ್ ಇದ್ದಾನೆ. 1785ರಲ್ಲಿ ಹುಟ್ಟಿದವನು. ವ್ಯಾಪಾರ ಮಾಡಿ ದಿವಾಳಿಯಾದ, ಸಾಲಕ್ಕೆ 1819ರಲ್ಲಿ ಜೈಲನ್ನೂ ಕಂಡ. ಆಮೇಲೆ ಹಕ್ಕಿಗಳನ್ನು ಅವುಗಳ ನಿಜವಾದ ಗಾತ್ರದಲ್ಲೇ ಬರೆಯುತ್ತೇನೆ ಅಂತ ಹೊರಟ. 1827ರಿಂದ 1838ರವರೆಗೆ 435 ಹಾಳೆ ಅಚ್ಚಾದವು. ಪೂರ್ತಿ ದುಡ್ಡು ಹಾಕುವ ಪ್ರಕಾಶಕ ಇರಲಿಲ್ಲ. ಊರೂರು ತಿರುಗಿ ಚಂದಾದಾರರನ್ನು ಹಿಡಿದು, ಕಂತು ಕಂತಾಗಿ ಹಾಳೆ ಕಳಿಸಿ ದುಡ್ಡು ಎತ್ತಿದ. ಹಾಳೆ ಮೂರು ಅಡಿಗಿಂತ ಎತ್ತರ. ಅಷ್ಟಿದ್ದರೂ ರಾಜಹಂಸ ಹಿಡಿಸಲಿಲ್ಲ, ಅದರ ಕುತ್ತಿಗೆಯನ್ನು ನೆಲದವರೆಗೆ ಬಗ್ಗಿಸಿ ಕೂಡಿಸಿದ.

ಇನ್ನೊಂದು ವಿಷಯ ಹುಡುಗಿಗೆ ಮುಖ್ಯ. ಆಡುಬಾನ್ ಹಕ್ಕಿಗಳನ್ನು ಗುಂಡು ಹೊಡೆದು, ತಂತಿ ಕಟ್ಟಿ ನಿಲ್ಲಿಸಿ ಬರೆಯುತ್ತಿದ್ದ. ಆ ಕಾಲದಲ್ಲಿ ಹಾಗಿತ್ತು. ಇವತ್ತು ನಮಗೆ ಅದರ ಅಗತ್ಯ ಇಲ್ಲ, ಮಾಡಲೂಬಾರದು. ಮತ್ತೆ ಅವನ ಹಕ್ಕಿಗಳ ಹಿಂದಿನ ಗಿಡ, ಬಯಲು, ನೀರು ಎಷ್ಟೋ ಹಾಳೆಗಳಲ್ಲಿ ಅವನವಲ್ಲ. ಜೋಸೆಫ್ ಮೇಸನ್, ಜಾರ್ಜ್ ಲೇಮನ್, ಮರಿಯಾ ಮಾರ್ಟಿನ್ ಅನ್ನುವವರು ಬರೆದು ಕೊಟ್ಟದ್ದು. ಹಕ್ಕಿ ಒಬ್ಬರ ಕೈ, ನೆಲ ಇನ್ನೊಬ್ಬರ ಕೈ.

ನಾನು ನನ್ನ ವಿದ್ಯಾರ್ಥಿಗಳಿಗೆ ಹೇಳುವುದು ಇಷ್ಟೇ, ಮೊದಲು ಎರಡು ವರ್ಷ ಬರೀ ಭೂದೃಶ್ಯ ಬರೆಯಿರಿ. ಬೆಳಗಾವಿ ಕಡೆ ಕೆ.ಬಿ. ಕುಲಕರ್ಣಿ ಅವರ ಕೆಲಸ ನೋಡಿ ಬೆಳೆದವರು ನಾವು. ಬೆಳಕು ಬರದಿದ್ದರೆ ಏನೂ ಬರಲಿಲ್ಲ ಅಂತ ಲೆಕ್ಕ. ಹಕ್ಕಿಯನ್ನು ಆಮೇಲೆ ಕೂಡಿಸಬಹುದು.

ಹಿನ್ನೀರು ದಂಡೆ, ಬೀಳಗಿ ತಾಲ್ಲೂಕು

ಮೇಡಂ, ನಿಮ್ಮ ಕೊನೆ ಮಾತಿಗೆ ನಾನು ಒಪ್ಪುವುದಿಲ್ಲ. ಹಕ್ಕಿಯನ್ನು ಆಮೇಲೆ ಕೂಡಿಸಿದರೆ ಅದು ಅಂಟಿಸಿದ ಹಾಗೇ ಕಾಣುತ್ತದೆ. ನಾನೂ ಹತ್ತು ವರ್ಷ ಹಾಗೇ ಮಾಡಿದೆ. ಹಿಂದೆ ಚೆಂದದ ಹೊಳೆ, ಮುಂದೆ ಚೆಂದದ ಹಕ್ಕಿ. ಎರಡಕ್ಕೂ ಸಂಬಂಧ ಇಲ್ಲ.

ಅದು ಬಿಟ್ಟುಹೋದದ್ದು ಹೇಗೆ ಅಂತ ಹೇಳುತ್ತೇನೆ. ಆಲಮಟ್ಟಿ ಹಿನ್ನೀರು ಫೆಬ್ರವರಿ, ಮಾರ್ಚ್ ಹೊತ್ತಿಗೆ ಇಳಿಯುತ್ತದೆ. ಮೈಲಿಗಟ್ಟಲೆ ಕೆಸರು ಬಯಲಾಗುತ್ತದೆ. ಅಲ್ಲಿ ರಾಜಹಂಸ ಬಂದು ನಿಲ್ಲುತ್ತವೆ. ದೂರದಿಂದ ಬೆಳ್ಳಗೆ ಕಾಣುತ್ತವೆ. ನಾನು ಬಿಳಿ ಬಣ್ಣ ಹಚ್ಚಿ ಹಚ್ಚಿ ಸಾಕಾಗಿ, ಒಂದು ದಿನ ದುರ್ಬೀನು ಹಿಡಿದು ಒಂದೇ ಹಕ್ಕಿಯನ್ನು ಒಂದು ತಾಸು ನೋಡಿದೆ. ಅದರ ಬೆನ್ನು ಬಿಳಿ ಇತ್ತು, ಆಕಾಶದ ತೆಳು ನೀಲಿ ಅದರ ಮೇಲೆ ಬಿದ್ದಿತ್ತು. ಹೊಟ್ಟೆಯಡಿ ಮಾತ್ರ ಬಿಳಿ ಇರಲಿಲ್ಲ. ಕೆಸರಿನ ಬಣ್ಣ ಅಲ್ಲಿ ಇತ್ತು. ಬಿಸಿಲು ಕೆಸರಿಗೆ ಬಡಿದು, ಆ ಕಂದು ಬಣ್ಣ ಹೊತ್ತು ಮೇಲೆದ್ದು ಹಕ್ಕಿಯ ಹೊಟ್ಟೆಗೆ ಹತ್ತಿತ್ತು. ನೀರಿನಲ್ಲಿ ನಿಂತ ಪಕ್ಕದ ಹಕ್ಕಿಯ ಹೊಟ್ಟೆ ಬೇರೆ ಬಣ್ಣ. ಅಂದರೆ ಅದು ಯಾವ ನೆಲದ ಮೇಲೆ ನಿಂತಿದೆಯೋ ಆ ನೆಲವನ್ನೂ ಮೈಮೇಲೆ ಹೊತ್ತಿರುತ್ತದೆ. ಹಕ್ಕಿಯನ್ನು ಬೇರೆ ಬರೆದು ನೆಲವನ್ನು ಬೇರೆ ಬರೆದರೆ ಇದು ಎಲ್ಲಿಂದ ಬರಬೇಕು?

ಅವತ್ತಿನಿಂದ ನಾನು ಬಿಳಿ ಬಣ್ಣದ ಟ್ಯೂಬು ಒಯ್ಯುವುದನ್ನೇ ಬಿಟ್ಟೆ. ಜಲವರ್ಣದಲ್ಲಿ ಹಾಳೆಯ ಬಿಳಿಯೇ ಹಕ್ಕಿಯ ಬಿಳಿ. ಸುತ್ತಲಿನ ಕೆಸರನ್ನು ಬರೆಯುತ್ತಾ ಹೋಗುತ್ತೇನೆ, ಹಕ್ಕಿ ಉಳಿದುಕೊಳ್ಳುತ್ತದೆ. ಆಮೇಲೆ ಹೊಟ್ಟೆಯಡಿ ಅದೇ ಕೆಸರಿನ ಬಣ್ಣವನ್ನು ತೆಳ್ಳಗೆ ಮಾಡಿ ಒಂದೇ ಎಳೆತ. ಬರ್ಂಟ್ ಸಿಯೆನಾ ಅನ್ನುವ ಕೆಂಗಂದು ಬಣ್ಣಕ್ಕೆ ಅಲ್ಟ್ರಾಮರೀನ್ ನೀಲಿ ಕೂಡಿಸಿದರೆ ನಮ್ಮ ಕೆಸರು ಬರುತ್ತದೆ. ನೀಲಿ ಸ್ವಲ್ಪ ಜಾಸ್ತಿ ಆದರೆ ಎರೆ ಮಣ್ಣು.

ಸ್ವೀಡನ್‌ನ ಬ್ರೂನೊ ಲಿಲ್ಯೆಫೋರ್ಸ್ ಅನ್ನುವ ಚಿತ್ರಗಾರ, 1860ರಿಂದ 1939ರವರೆಗೆ ಇದ್ದವನು, ಜೀವನವಿಡೀ ಇದನ್ನೇ ಮಾಡಿದ. ಅವನ ಚಿತ್ರಗಳಲ್ಲಿ ಕೆಲವು ಸಲ ಹಕ್ಕಿಯನ್ನು ಹುಡುಕಬೇಕು. ಹುಲ್ಲೂ ಅದೇ ಬಣ್ಣ, ಹಕ್ಕಿಯೂ ಅದೇ ಬಣ್ಣ. ಕಾಡಿನಲ್ಲಿ ನಮಗೆ ಹಕ್ಕಿ ಕಾಣುವುದೂ ಹಾಗೇ ಅಲ್ವಾ?

ಕುಂಚದ ಮನೆ, ಬೆಳಗಾವಿ

ಹೊಟ್ಟೆಯಡಿಯ ಬಣ್ಣದ ಮಾತು ಓದಿ ಸುಮ್ನೆ ಕೂತುಬಿಟ್ಟೆ ಸರ್. ನೀವು ಹೇಳಿದ್ದು ನಿಜ, ನಾನು ಕಲಿಸುವ ಕ್ರಮ ಬದಲಾಗಬೇಕು. ಆದರೆ ಖಾಲಿ ಹಾಳೆಯ ಮೇಲೆ ಒಂಟಿ ಹಕ್ಕಿ ಬರೆಯುವುದನ್ನು ತೀರಾ ತಳ್ಳಿಹಾಕಬೇಡಿ. 1777ರಿಂದ 1782ರವರೆಗೆ ಕಲ್ಕತ್ತದಲ್ಲಿ ಲೇಡಿ ಇಂಪೆ ಅನ್ನುವವರಿಗಾಗಿ ಶೇಖ್ ಜೈನುದ್ದೀನ್, ಭವಾನಿ ದಾಸ್, ರಾಮ್ ದಾಸ್ ಮೂವರೂ ಬರೆದದ್ದು ಹಾಗೇ. ಹಿಂದೆ ಬಯಲಿಲ್ಲ, ಆಕಾಶವಿಲ್ಲ. ಒಂದು ಕೊಂಬೆ, ಒಂದು ಹಕ್ಕಿ, ಬಿಳಿ ಹಾಳೆ. ಕಾಲಿನ ಪೊರೆ ಕೂಡ ಎಣಿಸಬಹುದು. ಕಣ್ಣಿಗೆ ಶಿಸ್ತು ಬರುವುದು ಅಲ್ಲಿಂದ.

ಹಿನ್ನೀರು ದಂಡೆ, ಬೀಳಗಿ ತಾಲ್ಲೂಕು

ಒಪ್ಪಿದೆ ಮೇಡಂ. ಅಭ್ಯಾಸಕ್ಕೆ ಅದು ಬೇಕೇ ಬೇಕು.

ನವನಗರದ ಅತ್ತೆ, ಬಾಗಲಕೋಟೆ

ಎಲ್ಲರ ಮಾತನ್ನೂ ಅಣ್ಣನಿಗೆ ಓದಿ ಹೇಳಿದೆ. ದುಡ್ಡಿನ ಲೆಕ್ಕ ಬಿಚ್ಚಿ ಹೇಳಿದ್ದು ಅವನಿಗೆ ಹಿಡಿಸಿತು. ಒಂದು ಪ್ರಶ್ನೆ ಕೇಳಿದ. ಕೆಲಸ ಮಾಡಿಸಿಕೊಂಡು ದುಡ್ಡು ಕೊಡದಿದ್ದರೆ ಹೆಣ್ಣುಮಗಳು ಯಾರ ಹತ್ತಿರ ಹೋಗಿ ಕೇಳಬೇಕು ಅಂತ.

ಹಿನ್ನೀರು ದಂಡೆ, ಬೀಳಗಿ ತಾಲ್ಲೂಕು

ಸರಿಯಾದ ಪ್ರಶ್ನೆ. ನನಗೇ ಆಗಿದೆ. ಕೆಲವು ವರ್ಷಗಳ ಹಿಂದೆ ಒಂದು ಕಚೇರಿಯವರು ಕಾಂಪೌಂಡ್ ಗೋಡೆಗೆ ನಮ್ಮ ಜಿಲ್ಲೆಯ 14 ಹಕ್ಕಿ ಬರೆಸಿದರು. ಬಿಸಿಲಿನಲ್ಲಿ 23 ದಿನ ನಿಂತೆ. ಅರ್ಧ ದುಡ್ಡು ಬಂತು, ಉಳಿದದ್ದು ಬರಲಿಲ್ಲ. ಕೇಳಿದಾಗಲೆಲ್ಲ ಸಾಹೇಬರು ಬದಲಾಗಿರುತ್ತಿದ್ದರು. ಆಮೇಲೆ ಅದೇ ಹಕ್ಕಿಗಳ ಫೋಟೊ ತೆಗೆದು ಕ್ಯಾಲೆಂಡರ್ ಮಾಡಿದರು. ನನ್ನ ಹೆಸರು ಇರಲಿಲ್ಲ. ದುಡ್ಡಿಗಿಂತ ಅದು ಜಾಸ್ತಿ ನೋವಾಯಿತು. ಗೋಡೆಯ ಮೂಲೆಯಲ್ಲಿ ಬರೆದಿದ್ದ ಸಹಿಯನ್ನು ಫೋಟೊದಲ್ಲಿ ಕತ್ತರಿಸಿದ್ದರು.

ಅದರಿಂದ ಕಲಿತದ್ದು ಹೇಳುತ್ತೇನೆ. ಬಾಯಿಮಾತಿನ ಮೇಲೆ ಕುಂಚ ಎತ್ತಬಾರದು. ಒಂದು ಹಾಳೆಯಲ್ಲಿ ಬರೆಸಿಕೊಳ್ಳಬೇಕು, ಎಷ್ಟು ಚಿತ್ರ, ಎಷ್ಟು ದುಡ್ಡು, ಯಾವಾಗ ಯಾವಾಗ, ಮತ್ತೆ ಚಿತ್ರವನ್ನು ಬೇರೆ ಕಡೆ ಅಚ್ಚು ಹಾಕುವ ಹಕ್ಕು ಯಾರದು. ಬಣ್ಣದ ಖರ್ಚು ಮೊದಲೇ ಕೈಗೆ ಬರಬೇಕು. ಸಹಿಯನ್ನು ಮೂಲೆಯಲ್ಲಿ ಹಾಕಬಾರದು, ಹಕ್ಕಿಯ ಕಾಲಿನ ಹತ್ತಿರ ಹಾಕಬೇಕು. ಮತ್ತೆ ಬೇರೆಯವರ ಫೋಟೊ ನೋಡಿ ಹಾಗೇ ನಕಲು ಇಳಿಸಬಾರದು. ಅದು ಫೋಟೊ ತೆಗೆದವರ ಬೆವರು. ಗೋಕಾಕದ ತಮ್ಮನಿಗೆ ಇದು ಗೊತ್ತಿರುತ್ತದೆ.

ಕರದಂಟು ಊರಿನವ, ಗೋಕಾಕ

ಗೊತ್ತು ಸರ್. ನನ್ನ ಒಂದು ಮಿಂಚುಳ್ಳಿ ಫೋಟೊ ಮೂರು ಊರಿನ ಗೋಡೆಗಳ ಮೇಲಿದೆ, ಒಬ್ಬರೂ ಕೇಳಲಿಲ್ಲ. ನಾನು ಮೊದಲು ಹೇಳಿದ್ದು ಸ್ವಲ್ಪ ಒರಟಾಯಿತು. ಹುಡುಗಿಗೆ ಬೇಕಾದರೆ ನನ್ನ ಫೋಟೊಗಳನ್ನೆಲ್ಲ ಕೊಡುತ್ತೇನೆ, ಕಾಲು, ಕೊಕ್ಕು, ರೆಕ್ಕೆ ಬಿಚ್ಚಿದ್ದು, ಅಭ್ಯಾಸಕ್ಕೆ ಇಟ್ಟುಕೊಳ್ಳಲಿ. ಒಂದು ಸಂದೇಹ ಇದೆ. ಮಿಂಚುಳ್ಳಿಯ ಬೆನ್ನಿನ ನೀಲಿ ನನ್ನ ಫೋಟೊದಲ್ಲಿ ಒಂದೊಂದು ಸಲ ಒಂದೊಂದು ಥರ ಬರುತ್ತದೆ. ನೀವು ಅದನ್ನು ಯಾವ ಬಣ್ಣದಲ್ಲಿ ಬರೆಯುತ್ತೀರಿ?

ಹಿನ್ನೀರು ದಂಡೆ, ಬೀಳಗಿ ತಾಲ್ಲೂಕು

ಆ ಗರಿಯಲ್ಲಿ ನೀಲಿ ಬಣ್ಣವೇ ಇಲ್ಲ ತಮ್ಮಾ. ಗರಿಯ ಒಳಗಿನ ಸೂಕ್ಷ್ಮ ರಚನೆ ಬೆಳಕನ್ನು ಚೆದುರಿಸಿ ನಮ್ಮ ಕಣ್ಣಿಗೆ ನೀಲಿ ಕಳಿಸುತ್ತದೆ. ನೀಲಕಂಠದ್ದೂ ಹಾಗೇ. ಅದಕ್ಕೇ ಮೋಡ ಮುಚ್ಚಿದರೆ ಮಂಕಾಗುತ್ತದೆ, ಬಿಸಿಲು ಬಿದ್ದರೆ ಹೊತ್ತಿಕೊಳ್ಳುತ್ತದೆ. ರಾಜಹಂಸದ ಕೆಂಪು ಬೇರೆ ಕಥೆ, ಅದು ತಿನ್ನುವ ಆಹಾರದಿಂದ ಬರುವ ನಿಜವಾದ ಬಣ್ಣ. ಮರಿಗಳು ಬೂದಿ ಬಣ್ಣ ಇರುತ್ತವೆ, ತಿಂದು ತಿಂದು ಕೆಂಪಾಗುತ್ತವೆ. ಮಿಂಚುಳ್ಳಿಗೆ ನಾನು ಮಾಡುವುದು ಇಷ್ಟು. ಹಿಂದಿನ ನೀರನ್ನು ಸ್ವಲ್ಪ ಮಬ್ಬು ಕಂದು ಮಾಡುತ್ತೇನೆ. ಆಗ ಅಂಗಡಿಯಲ್ಲಿ ಸಿಗುವ ಸಾದಾ ನೀಲಿಯೂ ಬೆಳಗುತ್ತದೆ.

ಗುಮ್ಮಟದ ನೆರಳು, ವಿಜಯಪುರ

ಸರ್, ಇಷ್ಟು ವರ್ಷ ಒಂದೇ ಜಾಗ ಬರೆದು ಬೇಜಾರಾಗಲಿಲ್ಲವಾ? ಬೇರೆ ಊರು, ಬೇರೆ ಹಕ್ಕಿ ಅನಿಸಲಿಲ್ಲವಾ?

ಹಿನ್ನೀರು ದಂಡೆ, ಬೀಳಗಿ ತಾಲ್ಲೂಕು

ಇಲ್ಲ ಸರ್. ಯಾಕೆ ಅಂತ ಹೇಳಬೇಕಾದರೆ ಮನೆಯ ವಿಷಯ ಹೇಳಬೇಕು. ರಾಜಹಂಸ ನಿಲ್ಲುವ ಆ ಕೆಸರು ನಮ್ಮ ಅಪ್ಪನ ಹೊಲ. ಜೋಳ ಬೆಳೆಯುತ್ತಿದ್ದರು. ಆಲಮಟ್ಟಿಯಲ್ಲಿ ನೀರು ನಿಂತಾಗ ಹೊಲ ಹೋಯಿತು, ಮನೆ ಹೋಯಿತು, ಬೇವಿನ ಗಿಡ ಹೋಯಿತು. ಹಳೇ ಬಾಗಲಕೋಟೆಯ ಅರ್ಧ ಊರೇ ಹೋಯಿತಲ್ಲ, ಅಕ್ಕಾರು ಇರುವ ನವನಗರ ಕಟ್ಟಿದ್ದೇ ಅದಕ್ಕೆ. ನೀರು ಬರುವ ಮೊದಲಿನ ಬೇಸಿಗೆಯಲ್ಲಿ ನಾನು ಆ ಹೊಲವನ್ನು ಒಂದು ಡ್ರಾಯಿಂಗ್ ಶೀಟಿನ ಮೇಲೆ ಬರೆದಿದ್ದೆ. ಚಿತ್ರ ಚೆನ್ನಾಗಿಲ್ಲ. ಬೇವಿನ ಗಿಡ ಓರೆಯಾಗಿದೆ. ಅಪ್ಪ ಅದನ್ನು ದೇವರ ಜಗಲಿಯ ಪಕ್ಕ ಮೊಳೆ ಹೊಡೆದು ಇಟ್ಟಿದ್ದರು, ತೀರಿಕೊಳ್ಳುವವರೆಗೂ.

ಈಗ ಪ್ರತಿ ವರ್ಷ ನೀರು ಇಳಿದಾಗ ಹೊಲದ ಬದುವಿನ ಕಲ್ಲು ಮೇಲೆ ಬರುತ್ತವೆ. ಆ ಕಲ್ಲಿನ ಮೇಲೆ ರೀವ ಹಕ್ಕಿ ಕೂರುತ್ತದೆ. ಪಟ್ಟೆತಲೆ ಹೆಬ್ಬಾತು ಹಿಮಾಲಯ ದಾಟಿ ಬಂದು ಅಪ್ಪನ ಜೋಳದ ಸಾಲಿನಲ್ಲಿ ಮೇಯುತ್ತದೆ. ಹೊಲ ಹೋದ ಸಿಟ್ಟು ನನಗೆ ಇನ್ನೂ ಇದೆ. ಹಕ್ಕಿ ಬಂದ ಸಂತೋಷವೂ ಇದೆ. ಎರಡನ್ನೂ ಒಂದೇ ಹಾಳೆಯಲ್ಲಿ ಬರೆಯಬೇಕು, ಅದು ಇನ್ನೂ ಪೂರ್ತಿ ಬಂದಿಲ್ಲ. ಅಣೆಕಟ್ಟಿನ ಮಟ್ಟವನ್ನು 519.6 ಮೀಟರ್‌ನಿಂದ 524.256ಕ್ಕೆ ಏರಿಸುವ ಮಾತಿದೆ. ಏರಿದರೆ ದಂಡೆ ಮತ್ತೆ ಸರಿಯುತ್ತದೆ. ಈಗಿನ ದಂಡೆಯನ್ನು ಯಾರಾದರೂ ಬರೆದಿಡಬೇಕು. ನನಗೆ 54 ಆಯಿತು.

ಕುಂಚದ ಮನೆ, ಬೆಳಗಾವಿ

ಆ ಓರೆ ಬೇವಿನ ಗಿಡದ ಚಿತ್ರವನ್ನು ಜೋಪಾನ ಮಾಡಿ ಸರ್. ಡ್ರಾಯಿಂಗ್ ಶೀಟು ಹಳದಿಯಾಗಿ ಪುಡಿಯಾಗುತ್ತದೆ. ಹುಡುಗಿಗೂ ಅದೇ ಮಾತು, ದುಡ್ಡು ಉಳಿಸಲು ಕುಂಚದಲ್ಲಿ ಉಳಿಸಲಿ, ಹಾಳೆಯಲ್ಲಿ ಬೇಡ. 300 ಜಿಎಸ್‌ಎಂ ದಪ್ಪದ ಹತ್ತಿಯ ಹಾಳೆ ತಗೊಳ್ಳಲಿ, ಎರಡೂ ಬದಿ ಬಳಸಲಿ.

ಅತ್ತೆಯ ಸೊಸೆ, ಬಾಗಲಕೋಟೆ

ನಮಸ್ಕಾರ. ಇಷ್ಟು ಹೊತ್ತು ನೀವೆಲ್ಲ ಮಾತಾಡಿದ್ದು ನನ್ನ ಬಗ್ಗೆನೇ. ಅತ್ತೆಗೆ ಹೇಳದೇ ಓದುತ್ತಿದ್ದೆ. ಇವತ್ತು ಬೆಳಿಗ್ಗೆ ಅಪ್ಪನನ್ನು ಬೈಕ್ ಮೇಲೆ ಕರೆದುಕೊಂಡು ಅನಗವಾಡಿ ಸೇತುವೆ ದಾಟಿ ಹಿನ್ನೀರಿನ ಹತ್ತಿರ ಹೋಗಿದ್ದೆ. ರಾಜಹಂಸ ಇರಲಿಲ್ಲ. ಬೆಳ್ಳಕ್ಕಿ ಇದ್ದವು. ಕೆಸರಿನಲ್ಲಿ ನಿಂತ ಒಂದನ್ನು ಅಪ್ಪನಿಗೆ ದುರ್ಬೀನಿನಲ್ಲಿ ತೋರಿಸಿ, ಹೊಟ್ಟೆಯಡಿ ಏನು ಬಣ್ಣ ಅಂತ ಕೇಳಿದೆ. ಬಿಳಿ ಅಂದರು. ಇನ್ನೊಮ್ಮೆ ನೋಡಿ ಅಂದೆ. ಬಹಳ ಹೊತ್ತು ನೋಡಿದರು. ಆಮೇಲೆ ಹಕ್ಕಿ ಬಿಟ್ಟು ಕೆಳಗಿನ ಮಣ್ಣು ನೋಡಿದರು, ಮತ್ತೆ ಹಕ್ಕಿ ನೋಡಿದರು. ದುರ್ಬೀನು ವಾಪಸ್ ಕೊಡಲೇ ಇಲ್ಲ.

ನಾನು ಅಷ್ಟರಲ್ಲಿ ನಾಲ್ಕು ಸ್ಕೆಚ್ ಮಾಡಿದೆ. ಬಣ್ಣ ಹಚ್ಚಲು ಹೋದರೆ ಎಂಟೂವರೆಗೇ ಬಿಸಿಲು, ಹಾಳೆಯ ಒಂದು ತುದಿಯಿಂದ ಇನ್ನೊಂದು ತುದಿಗೆ ಕುಂಚ ಹೋಗುವಷ್ಟರಲ್ಲಿ ಬಣ್ಣ ಒಣಗಿ ಗೆರೆ ಬೀಳುತ್ತಿತ್ತು. ಸರ್, ನೀವು ಇದಕ್ಕೆ ಏನು ಮಾಡುತ್ತೀರಿ?

ಹಿನ್ನೀರು ದಂಡೆ, ಬೀಳಗಿ ತಾಲ್ಲೂಕು

ಹಾಳೆಯ ಹಿಂಬದಿಯನ್ನು ಮೊದಲು ಚೆನ್ನಾಗಿ ಒದ್ದೆ ಮಾಡಿ ಹಲಗೆಗೆ ಅಂಟಿಸಮ್ಮಾ. ಒಂದು ಒದ್ದೆ ಟವೆಲ್ ಅಡಿಯಲ್ಲಿ ಹಾಸು. ಎಂಟಕ್ಕೆ ಶುರು ಮಾಡುವುದಲ್ಲ, ಎಂಟಕ್ಕೆ ಮುಗಿಸಬೇಕು. ಬರುವ ಭಾನುವಾರ ಆರಕ್ಕೆ ನಾನು ಸೇತುವೆ ಹತ್ತಿರ ಇರುತ್ತೇನೆ. ಅತ್ತೆಯವರನ್ನೂ, ಅಪ್ಪನವರನ್ನೂ ಕರೆದುಕೊಂಡು ಬಾ. ನಿನ್ನ ಕಾಜಾಣದ ಸ್ಕೆಚ್ ತರುವುದು ಮರೆಯಬೇಡ, ಆ ಇಪ್ಪತ್ತು ಗೆರೆ ನಾನು ನೋಡಬೇಕು.